23 ಲಕ್ಷ ವೀಕ್ಷಣೆ, 37 ಡಾಲರ್: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನನ್ನದು ಬೋರ್ ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು. ಹದಿನಾರು ವರ್ಷದಿಂದ ನಡೆಸುತ್ತಿದ್ದೇನೆ. ಮಗನ ಒತ್ತಾಯಕ್ಕೆ ಮೂರು ವರ್ಷದ ಹಿಂದೆ ಯೂಟ್ಯೂಬ್ ಚಾನೆಲ್ ಆರಂಭಿಸಿದೆವು. ನಾನು ಕೆಲಸ ಮಾಡುತ್ತ ಮಾತನಾಡುತ್ತೇನೆ, ಅವನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾನೆ. ಈಗ 14,200 ಚಂದಾದಾರರಿದ್ದಾರೆ. ಎಂಟು ತಿಂಗಳಿಂದ ಹಣ ಬರುತ್ತಿದೆ, ತಿಂಗಳಿಗೆ 45ರಿಂದ 60 ಡಾಲರ್, ಅದೂ ತಿಂಗಳು ಬಿಟ್ಟು ತಿಂಗಳು. ಕಳೆದ ಬೇಸಿಗೆಯಲ್ಲಿ ಕೆಸರಿನಲ್ಲಿ ಸಿಕ್ಕಿಕೊಂಡ ಮೋಟಾರನ್ನು ಎತ್ತುವ ಒಂದು ಶಾರ್ಟ್ಸ್ (ಯೂಟ್ಯೂಬ್‌ನ ಚುಟುಕು ವಿಡಿಯೊ) 23 ಲಕ್ಷ ವೀಕ್ಷಣೆ ಪಡೆಯಿತು. ಊರವರೆಲ್ಲ ‘ಲಕ್ಷಾಧೀಶ’ ಎನ್ನತೊಡಗಿದರು. ಬಂದದ್ದು 37 ಡಾಲರ್. ಸಿನಿಮಾ ಹಾಡು ಹಾಕಿದ್ದರಿಂದ ಹಣ ಹಾಡಿನವರಿಗೆ ಹೋಯಿತು ಎನ್ನುತ್ತಾರೆ, ನಿಜವೇ? ಒಂದು ಏಜೆನ್ಸಿಯವರು ಚಾನೆಲ್ ಬೆಳೆಸಿಕೊಡುತ್ತೇವೆ, ಆದಾಯದಲ್ಲಿ ಶೇ 40 ನಮಗೆ, ಮೂರು ವರ್ಷದ ಕರಾರು ಎನ್ನುತ್ತಿದ್ದಾರೆ. ಇನ್ನೊಬ್ಬರು 4,000 ರೂಪಾಯಿಗೆ 10,000 ಚಂದಾದಾರರನ್ನು ಕೊಡುತ್ತಾರಂತೆ. ಒಂದು ಪಂಪ್ ಕಂಪನಿ 28,000 ರೂಪಾಯಿಯ ಪಂಪ್ ಸೆಟ್ ಉಚಿತವಾಗಿ ಕಳುಹಿಸಿ ಒಳ್ಳೆಯ ಮಾತು ಹೇಳಿ ಎಂದಿದೆ. ಹದಿನೇಳು ವರ್ಷದ ಮಗ ಡಿಪ್ಲೊಮಾ ಬಿಟ್ಟು ಇದನ್ನೇ ಮಾಡುತ್ತೇನೆ, ಅಂಗಡಿಯನ್ನೂ ಮುಚ್ಚೋಣ ಎನ್ನುತ್ತಿದ್ದಾನೆ. ಏನು ಮಾಡಲಿ? ಅಂದಹಾಗೆ, ಈಚೆಗೆ ಬ್ಯಾಡಗಿ, ಹಿರೇಕೆರೂರು ಕಡೆಯಿಂದಲೂ ವಿಡಿಯೊ ನೋಡಿ ಮೋಟಾರ್ ತರುತ್ತಾರೆ, ತಿಂಗಳಿಗೆ ಐದಾರು ಬರುತ್ತವೆ. ಒಂದನ್ನು ಸುತ್ತಿದರೆ ಖರ್ಚು ಕಳೆದು ಸಾವಿರದಿಂದ ಸಾವಿರದೈನೂರು ಉಳಿಯುತ್ತದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ ಪ್ರಶ್ನೆಗಳು ಹಲವು. ಆದರೆ ನನ್ನ ಕಣ್ಣು ನಿಂತದ್ದು ಕೊನೆಯಲ್ಲಿ ‘ಅಂದಹಾಗೆ’ ಎಂದು ಸೇರಿಸಿದ ಆ ಎರಡು ಸಾಲಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು 23 ಲಕ್ಷದ ಲೆಕ್ಕ ಮುಗಿಸೋಣ. ಅದು ಮುಗಿಯದೆ ನೀವು ಉಳಿದದ್ದನ್ನು ಓದುವುದಿಲ್ಲ ಎಂದು ನನಗೆ ಗೊತ್ತು.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಎಂಟೊಂಬತ್ತು ವರ್ಷಗಳಿಂದ ಕನ್ನಡದ ಸಣ್ಣ-ಮಧ್ಯಮ ಚಾನೆಲ್‌ಗಳ ಜಮಾ-ಖರ್ಚು, ಕರಾರು, ತೆರಿಗೆ ನೋಡಿಕೊಳ್ಳುತ್ತಿದ್ದೇನೆ. ನನ್ನ ಮೇಜಿನ ಮುಂದೆ ಕುಳಿತವರಲ್ಲಿ ಹೆಚ್ಚಿನವರ ಮೊದಲ ಮಾತು ನಿಮ್ಮದೇ: ‘ಸಾರ್, ಇಷ್ಟು ಲಕ್ಷ ಜನ ನೋಡಿದ್ದಾರೆ, ಹಣ ಎಲ್ಲಿ?’

ಹಣವನ್ನು ಯಾರೂ ನುಂಗಿಲ್ಲ. ಲಕ್ಷ ವೀಕ್ಷಣೆಗೆ ಇಷ್ಟು ಸಾವಿರ ಎಂಬ ದರಪಟ್ಟಿ ಎಲ್ಲಿಯೂ ಇಲ್ಲ. ಅದು ಮದುವೆ ಮನೆಗಳಲ್ಲಿ ಹುಟ್ಟಿದ ಅಂಕಿ. ಯೂಟ್ಯೂಬ್ ವೀಕ್ಷಣೆಗೆ ಕೂಲಿ ಕೊಡುವುದಿಲ್ಲ, ಜಾಹೀರಾತಿನಿಂದ ಬಂದ ಹಣದಲ್ಲಿ ಪಾಲು ಕೊಡುತ್ತದೆ. ಹೊಲವನ್ನು ಪಾಲಿಗೆ ಮಾಡಿದ ಹಾಗೆ. ಎಷ್ಟು ಸಲ ಉತ್ತಿರಿ, ಎಷ್ಟು ಬೆವರು ಸುರಿಸಿದಿರಿ ಎಂಬುದಕ್ಕೆ ಬೆಲೆಯಿಲ್ಲ, ಕಣಕ್ಕೆ ಬಂದ ಕಾಳನ್ನು ಅಳೆದು ಹಂಚಿಕೊಳ್ಳುವುದು.

ಈ ಹಂಚಿಕೆ ಉದ್ದದ ವಿಡಿಯೊಗೆ ಒಂದು ರೀತಿ, ಶಾರ್ಟ್ಸ್‌ಗೆ ಇನ್ನೊಂದು ರೀತಿ. ನಿಮ್ಮ ಗೊಂದಲದ ಬೇರು ಇಲ್ಲಿದೆ. ಉದ್ದದ ವಿಡಿಯೊದ ಜಾಹೀರಾತು ಆ ವಿಡಿಯೊಗೇ ಅಂಟಿಕೊಂಡಿರುತ್ತದೆ. ಅದರಿಂದ ಬಂದ ಆದಾಯದಲ್ಲಿ ಶೇ 55 ನಿಮ್ಮದು. ಶಾರ್ಟ್ಸ್‌ನಲ್ಲಿ ಜಾಹೀರಾತು ಎರಡು ತುಣುಕುಗಳ ನಡುವೆ ಬರುತ್ತದೆ, ಯಾವುದಕ್ಕೂ ಸೇರಿದ್ದಲ್ಲ. ಆದ್ದರಿಂದ 2023ರ ಫೆಬ್ರುವರಿಯಿಂದ ಆ ಹಣವನ್ನೆಲ್ಲ ತಿಂಗಳಿಗೊಮ್ಮೆ ಒಂದೆಡೆ ರಾಶಿ ಹಾಕಿ, ಸಂಗೀತದ ಹಕ್ಕಿನ ಖರ್ಚಿಗೆ ಒಂದು ಭಾಗ ತೆಗೆದು, ಉಳಿದದ್ದನ್ನು ಪ್ರತಿ ದೇಶದಲ್ಲಿ ಯಾರಿಗೆ ಎಷ್ಟು ವೀಕ್ಷಣೆ ಬಂತೋ ಆ ಪ್ರಮಾಣದಲ್ಲಿ ಹಂಚುತ್ತಾರೆ. ಹಾಗೆ ನಿಮ್ಮ ಹೆಸರಿಗೆ ಬಂದ ಭಾಗದಲ್ಲಿ ಶೇ 45 ನಿಮ್ಮ ಕೈಗೆ. ಭಾರತದಲ್ಲಿ ದಿನಕ್ಕೆ ಎಷ್ಟು ಶಾರ್ಟ್ಸ್ ಉರುಳುತ್ತವೆ ಎಂದು ಊಹಿಸಿಕೊಳ್ಳಿ. ರಾಶಿ ದೊಡ್ಡದೇ, ಪಾಲಿಗೆ ನಿಂತವರ ಸಾಲು ಅದಕ್ಕಿಂತ ದೊಡ್ಡದು.

ಹಾಗಾದರೆ ಹಾಡಿನ ಮಾತು? ಅದು ಅರ್ಧ ಕೇಳಿ ಪೂರ್ತಿ ಹೇಳಿದ ಸುದ್ದಿ. ಹಾಡಿನ ಖರ್ಚು ಒಟ್ಟು ರಾಶಿಯಿಂದ ಕಳೆಯುತ್ತದೆ, ನಿಜ. ಆದರೆ ನಿಮ್ಮ ಶೇ 45 ಎಂಬುದು ನೀವು ಹಾಡು ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಉದ್ದದ ವಿಡಿಯೊದಲ್ಲಿ ಮಾತ್ರ ಎಚ್ಚರ. ಅಲ್ಲಿ ಸಿನಿಮಾ ಹಾಡು ಸೇರಿಸಿದರೆ ಹಕ್ಕುದಾರರು ಆ ವಿಡಿಯೊದ ಆದಾಯವನ್ನು ತಮ್ಮ ಕಡೆ ತಿರುಗಿಸಿಕೊಳ್ಳಬಹುದು. ಒಂದು ನಿಮಿಷ ಮೀರಿದ ಶಾರ್ಟ್ಸ್‌ನಲ್ಲಿ ಅಂಥ ಹಕ್ಕುಸಾಧನೆ ಬಿದ್ದರೆ ತುಣುಕೇ ತಡೆಹಿಡಿಯಲ್ಪಡುತ್ತದೆ. ನಿಮ್ಮ ಅಂಗಡಿಯಲ್ಲಿ ಹಾಡು ಯಾಕೆ ಬೇಕು ಎಂಬುದು ನನ್ನ ಸ್ವಂತ ತಕರಾರು. ಸುತ್ತಿ ಮುಗಿದ ಮೋಟಾರಿಗೆ ಕರೆಂಟ್ ಕೊಟ್ಟಾಗ ಏಳುವ ಆ ಗುಂಯ್ ಸದ್ದಿಗಿಂತ ಒಳ್ಳೆಯ ಹಿನ್ನೆಲೆ ಸಂಗೀತ ನಿಮಗೆ ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಎಣಿಸುವ ವಿಧಾನ ಬದಲಾಯಿತು. ತುಣುಕು ಪರದೆಯ ಮೇಲೆ ಓಡಲು ಆರಂಭವಾದರೆ ಸಾಕು, ಒಂದು ವೀಕ್ಷಣೆ. ಬೆರಳು ಮರುಕ್ಷಣವೇ ಮೇಲಕ್ಕೆ ಸರಿಸಿದರೂ ಎಣಿಕೆಗೆ ಬರುತ್ತದೆ. ಹಣ ಮಾತ್ರ ಹಳೆಯ ಅಳತೆಯ ಮೇಲೆಯೇ, ಅಂದರೆ ನಿಂತು ನೋಡಿದ ವೀಕ್ಷಣೆಗಳ ಮೇಲೆ. ಚಾನೆಲ್ಲಿನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊದ ವಿವರದಲ್ಲಿ ಅದು ಪ್ರತ್ಯೇಕವಾಗಿ ಸಿಗುತ್ತದೆ. ನಿಮ್ಮ 23 ಲಕ್ಷದಲ್ಲಿ ಆ ಅಂಕಿ ಎಷ್ಟು ಎಂದು ಮಗನಿಗೆ ಹೇಳಿ ತೆಗೆಸಿ ನೋಡಿ. ಊರವರ ಲಕ್ಷ ಅಲ್ಲೇ ಒಂದಿಷ್ಟು ಕರಗುತ್ತದೆ.

ಈಗ ನೀವು ಕಳುಹಿಸಿದ ಪರದೆಯ ಚಿತ್ರವನ್ನು ತೆಗೆದುಕೊಳ್ಳೋಣ. ‘5 ಎಚ್‌ಪಿ ಮೋಟಾರ್ ಯಾಕೆ ಪದೇ ಪದೇ ಸುಡುತ್ತದೆ’ ಎಂಬ ಒಂಬತ್ತು ನಿಮಿಷದ ವಿಡಿಯೊ. 41,000 ವೀಕ್ಷಣೆ, 29 ಡಾಲರ್. ಆ ಶಾರ್ಟ್ಸ್‌ಗೆ ಇದಕ್ಕಿಂತ ಐವತ್ತಾರು ಪಟ್ಟು ವೀಕ್ಷಣೆ, ಹಣ ಮಾತ್ರ ಎಂಟು ಡಾಲರ್ ಹೆಚ್ಚು. ಈ ಎರಡು ಸಾಲನ್ನು ಅಂಗಡಿಯ ಗೋಡೆಗೆ ಅಂಟಿಸಿ.

ಸಾವಿರ ವೀಕ್ಷಣೆಗೆ ನಿಮ್ಮ ಕೈಗೆ ಬಂದ ಹಣವನ್ನು ಆರ್‌ಪಿಎಂ ಎನ್ನುತ್ತಾರೆ. ಈ ವಿಡಿಯೊದಲ್ಲಿ ಅದು ಸುಮಾರು 70 ಸೆಂಟ್. ವಿಮೆ, ಷೇರು, ಸಾಲದ ಬಗ್ಗೆ ಮಾತನಾಡುವವರಿಗೆ ಇದಕ್ಕಿಂತ ಹೆಚ್ಚು ಬರುತ್ತದೆ. ಕನ್ನಡ ಎಂಬ ಕಾರಣಕ್ಕೆ ಕಡಿಮೆ ಕೊಡುತ್ತಾರೆ ಎಂದು ಹಲವರು ಕೋಪ ಮಾಡಿಕೊಳ್ಳುತ್ತಾರೆ. ಭಾಷೆಗೆ ಅಂತ ಯಾರೂ ಬೆಲೆ ಕಟ್ಟಿ ಇಟ್ಟಿಲ್ಲ. ಪ್ರತಿ ಜಾಹೀರಾತಿನ ಜಾಗವೂ ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲದ ಹಾಗೆ ಹರಾಜಾಗುತ್ತದೆ: ನೋಡುವವನು ಯಾವ ದೇಶದಲ್ಲಿದ್ದಾನೆ, ಅವನಿಗೆ ಏನು ಮಾರಬಹುದು, ಈ ಹೊತ್ತಿಗೆ ಎಷ್ಟು ಜನ ಕೂಗುತ್ತಿದ್ದಾರೆ. ಇದೇ ಕನ್ನಡದಲ್ಲಿ ಅಡುಗೆ ತೋರಿಸುವ ಒಬ್ಬ ಹೆಣ್ಣುಮಗಳ ಲೆಕ್ಕ ನನ್ನ ಬಳಿ ಇದೆ. ಅವರ ವೀಕ್ಷಕರಲ್ಲಿ ಅಮೆರಿಕದಲ್ಲಿರುವ ಕನ್ನಡಿಗರು ಸಾಕಷ್ಟು. ಆ ಕಡೆಯ ಸಾವಿರ ವೀಕ್ಷಣೆ ಈ ಕಡೆಯ ಸಾವಿರಕ್ಕಿಂತ ಹಲವು ಪಟ್ಟು ತರುತ್ತದೆ. ನಿಮ್ಮ ವಿಡಿಯೊವನ್ನು ನ್ಯೂ ಜೆರ್ಸಿಯಲ್ಲಿ ಯಾರು ನೋಡಬೇಕು? ನೋಡುವವನು ಬೋರ್ ಪಕ್ಕದಲ್ಲಿ, ಸುಟ್ಟ ವಾಸನೆ ಹಿಡಿದುಕೊಂಡು ನಿಂತ ರೈತ.

ಅದಲ್ಲದೆ ನಿಮ್ಮ ಸುಗ್ಗಿ ಬೇರೆ, ಜಾಹೀರಾತಿನ ಸುಗ್ಗಿ ಬೇರೆ. ಕಂಪನಿಗಳು ಕೈಬಿಚ್ಚಿ ಖರ್ಚು ಮಾಡುವುದು ದಸರಾದಿಂದ ದೀಪಾವಳಿ ದಾಟುವವರೆಗೆ. ಜನವರಿಗೆ ದರ ಬೀಳುತ್ತದೆ. ನಿಮ್ಮಲ್ಲಿ ಮೋಟಾರ್ ಸುಡುವುದು ಬೇಸಿಗೆಯಲ್ಲಿ, ವೋಲ್ಟೇಜ್ ಇಳಿದು, ಒಂದು ಫೇಸ್ ಹೋಗಿ. ವೀಕ್ಷಣೆ ಹೆಚ್ಚಿದ ತಿಂಗಳು ಹಣ ಅದೇ ಪ್ರಮಾಣದಲ್ಲಿ ಏರದಿದ್ದರೆ ಗಾಬರಿಯಾಗಬೇಡಿ. ಹಣ ತಿಂಗಳು ಬಿಟ್ಟು ತಿಂಗಳು ಬರುವುದಕ್ಕೂ ಮರ್ಮವಿಲ್ಲ. ಖಾತೆಯಲ್ಲಿ 100 ಡಾಲರ್ ತುಂಬಿದ ಮೇಲಷ್ಟೇ ಮುಂದಿನ ತಿಂಗಳ 21ರಿಂದ 26ರ ನಡುವೆ ಕಳುಹಿಸುತ್ತಾರೆ, 60ಕ್ಕೆ ಕಳುಹಿಸುವುದಿಲ್ಲ.

ವಿಡಿಯೊ ಎಂಟು ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಹಾಕಬಹುದು ಎಂಬುದು ನಿಜ. ಅದನ್ನು ತಿಳಿದ ಹುಡುಗರು ಐದು ನಿಮಿಷದ ವಿಷಯವನ್ನು ಜಗ್ಗಿ ಹನ್ನೊಂದು ಮಾಡುತ್ತಾರೆ. ನಿಮ್ಮ ಈಚಿನ ನಾಲ್ಕು ವಿಡಿಯೊಗಳಲ್ಲಿ ಮಗ ಆ ಕೆಲಸ ಆರಂಭಿಸಿರುವುದು ಕಂಡಿತು. ಸ್ಟಾರ್ಟರಿನ ಮುಚ್ಚಳ ತೆಗೆಯುವುದನ್ನೇ ಒಂದೂವರೆ ನಿಮಿಷ ತೋರಿಸಿದ್ದಾನೆ. ಬೆಳೆ ಬಾಡುತ್ತಿರುವವನು ಅದನ್ನು ನೋಡುತ್ತ ಕೂರುವುದಿಲ್ಲ. ಅವನು ಎದ್ದು ಹೋದ ಕ್ಷಣ ಗ್ರಾಫಿನಲ್ಲಿ ಕಾಣುತ್ತದೆ.

ಏಜೆನ್ಸಿ ಮತ್ತು ಚಂದಾದಾರರ ವ್ಯಾಪಾರದ ಮಾತು. ಎರಡನೆಯದಕ್ಕೆ ಒಂದೇ ಪದದ ಉತ್ತರ: ಬೇಡ. 4,000 ರೂಪಾಯಿಗೆ ಬರುವ 10,000 ಜನರಲ್ಲಿ ಒಬ್ಬನ ಹೊಲದಲ್ಲೂ ಬೋರ್ ಇರುವುದಿಲ್ಲ, ಹೆಚ್ಚಿನವರು ಮನುಷ್ಯರೇ ಅಲ್ಲ. ಯೂಟ್ಯೂಬ್ ಅಂಥ ಖಾತೆಗಳನ್ನು ಆಗಾಗ ಗುಡಿಸಿ ಹಾಕುತ್ತದೆ. ಕೃತಕ ಓಡಾಟ ಕಂಡರೆ ಹಣ ಹಿಡಿದಿಡುತ್ತದೆ, ಚಾನೆಲ್ಲನ್ನೇ ತೆಗೆಯಬಹುದು. ಅಷ್ಟೇ ಅಲ್ಲ, ಆದಾಯಕ್ಕೆ ಅರ್ಹತೆ ಪಡೆಯಲು ಬೇಕಾದ 1,000 ಚಂದಾದಾರರನ್ನೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆಯನ್ನೂ ನೀವು ನ್ಯಾಯವಾಗಿ ದಾಟಿ ಬಂದವರು. ಇನ್ನು ಆ ಅಂಕಿಯಿಂದ ನಿಮಗೆ ಬೇಕಾದದ್ದೇನು? ಮನೆಯವರೆಲ್ಲ ನಿಮ್ಮ ವಿಡಿಯೊ ಹಾಕಿ ಜಾಹೀರಾತು ಒತ್ತುತ್ತ ಕೂರುವುದೂ ಇದೇ ತಪ್ಪಿನ ತಮ್ಮ. ಪ್ರೀತಿಯಿಂದ ಮಾಡಿದರೂ ಯಂತ್ರಕ್ಕೆ ಅದು ಮೋಸವೇ.

ಏಜೆನ್ಸಿಗಳಲ್ಲಿ ಕೆಲಸ ಮಾಡುವವರೂ ಇದ್ದಾರೆ. ದೊಡ್ಡ ಚಾನೆಲ್‌ಗೆ ಜಾಹೀರಾತು ಒಪ್ಪಂದ ತರುವುದು, ಕದ್ದ ವಿಡಿಯೊಗಳನ್ನು ಹುಡುಕಿ ತೆಗೆಸುವುದು ಇವೆಲ್ಲ ನಿಜವಾದ ಸೇವೆಗಳು. ನಿಮಗೆ ಬಂದ ಕರಾರಿನ ಏಳನೆಯ ಕಲಮನ್ನು ಓದಿದಿರಾ? ‘ಎಲ್ಲ ಆದಾಯ’ ಎಂದಿದೆ. ಅವರು ತಂದುಕೊಟ್ಟ ಒಪ್ಪಂದದಲ್ಲಿ ಪಾಲು ಕೇಳಿದರೆ ಮಾತಾಡಬಹುದು. ನಿಮ್ಮ ಹಳೆಯ ವಿಡಿಯೊದಿಂದ ಬರುವ ಜಾಹೀರಾತಿನ ಹಣದಲ್ಲೂ ಶೇ 40 ಕೇಳುವುದಕ್ಕೆ ಕಾರಣವಿಲ್ಲ. ಯೂಟ್ಯೂಬ್ ಮೊದಲು ಶೇ 45 ಇಟ್ಟುಕೊಂಡು, ಉಳಿದ 55ರಲ್ಲಿ ಇವರು 22 ತೆಗೆದರೆ ನಿಮಗೆ 33. ಮೂರು ವರ್ಷ ಹೊರಬರುವ ದಾರಿಯೂ ಇಲ್ಲ. ಸಹಿ ಮಾಡಬೇಡಿ. ಚಾನೆಲ್ಲಿನ ಪಾಸ್‌ವರ್ಡ್ ಕೇಳಿದವರಿಗಂತೂ ಅಂಗಡಿಯ ಬಾಗಿಲು ತೋರಿಸಿ.

ಇದೇ ಸಂದರ್ಭದಲ್ಲಿ ಹೇಳಿಬಿಡುತ್ತೇನೆ. ನಾನು ಲೆಕ್ಕ ನೋಡುವ ಒಂದು ಚಾನೆಲ್‌ಗೆ ‘ಪ್ರಾಯೋಜಕರ ಒಪ್ಪಂದ’ ಎಂದು ಒಂದು ಕಡತ ಬಂತು. ಅದನ್ನು ಕಂಪ್ಯೂಟರಿನಲ್ಲಿ ತೆರೆದರು. ಬೆಳಗಾಗುವಷ್ಟರಲ್ಲಿ ಚಾನೆಲ್ಲಿನ ಹೆಸರು ಬದಲಾಗಿ, ಅದರಲ್ಲಿ ಯಾರೋ ಕ್ರಿಪ್ಟೊ ನಾಣ್ಯ ಮಾರುವ ನೇರಪ್ರಸಾರ ಓಡುತ್ತಿತ್ತು. ಎರಡು ಹಂತದ ಭದ್ರತೆ ಇದ್ದರೂ ಉಪಯೋಗಕ್ಕೆ ಬರಲಿಲ್ಲ. ಆ ಕಡತದಲ್ಲಿದ್ದ ತಂತ್ರಾಂಶ ಪಾಸ್‌ವರ್ಡ್ ಕದಿಯುವ ಗೋಜಿಗೇ ಹೋಗದೆ, ಆಗಲೇ ಒಳಗೆ ಹೋಗಿದ್ದ ಬ್ರೌಸರಿನ ಗುರುತನ್ನು ಎತ್ತಿಕೊಂಡು ಹೋಗಿತ್ತು. ಚಾನೆಲ್ ಮರಳಿ ಸಿಕ್ಕಿತು, ಆದರೆ ಆ ಕೆಲವು ದಿನ ಅವರ ಮನೆಯಲ್ಲಿ ಒಲೆ ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ. ಮಗ ಯಾವ ಕಂಪ್ಯೂಟರಿನಲ್ಲಿ ಆಟದ ತಂತ್ರಾಂಶ ಇಳಿಸಿಕೊಳ್ಳುತ್ತಾನೋ ಅದರಲ್ಲಿ ಚಾನೆಲ್ ತೆರೆದಿಡಬೇಡಿ.

ಪಂಪಿನ ವಿಷಯ ಸೂಕ್ಷ್ಮ. ಪಂಪ್ ಇಟ್ಟುಕೊಂಡರೆ ಅದು ಉಡುಗೊರೆಯಲ್ಲ, ಆದಾಯ. 2022ರ ಜುಲೈಯಿಂದ, ವ್ಯವಹಾರದ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿ ಮೀರಿದ ವಸ್ತು ಕೊಡುವವರು ಅದರ ಮೌಲ್ಯದ ಶೇ 10 ತೆರಿಗೆಯನ್ನು ಮೊದಲೇ ಕಟ್ಟಬೇಕು. ನಿಮ್ಮದು 28,000. ಅವರು ನಿಮ್ಮ ಪ್ಯಾನ್ ಮೇಲೆ 2,800 ತೋರಿಸುತ್ತಾರೆ, ನೀವು ರಿಟರ್ನ್‌ನಲ್ಲಿ 28,000 ತೋರಿಸದಿದ್ದರೆ ಎರಡೂ ತಾಳೆಯಾಗುವುದಿಲ್ಲ, ನೋಟಿಸು ಬರುತ್ತದೆ. ಪರೀಕ್ಷಿಸಿ ಹಿಂದಿರುಗಿಸಿದರೆ ಈ ತಲೆನೋವಿಲ್ಲ. ಇಟ್ಟುಕೊಂಡಿರೋ, ಹಣ ಪಡೆದಿರೋ, ಅದನ್ನು ವೀಕ್ಷಕರಿಗೆ ಹೇಳಲೇಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನಿಯಮದ ಪ್ರಕಾರ ದಾರಿತಪ್ಪಿಸುವ ಪ್ರಚಾರಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ವಿಡಿಯೊ ಕನ್ನಡದಲ್ಲಿದ್ದರೆ ಸೂಚನೆಯೂ ಕನ್ನಡದಲ್ಲೇ ಇರಲಿ, ಮೊದಲಲ್ಲೇ ಇರಲಿ; ವಿವರಣೆಯ ತಳದಲ್ಲಿ ಹತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಬಚ್ಚಿಟ್ಟರೆ ಹೇಳಿದಂತಾಗದು. ‘ಈ ಪಂಪನ್ನು ಕಂಪನಿ ಉಚಿತವಾಗಿ ಕೊಟ್ಟಿದೆ’ ಎಂದು ನೀವೇ ಬಾಯಿಬಿಟ್ಟು ಹೇಳಿ. ವಿಡಿಯೊ ಏರಿಸುವಾಗ ಪ್ರಾಯೋಜಿತ ಎಂಬ ಚೌಕವನ್ನೂ ಗುರುತು ಮಾಡಿ.

ದಂಡಕ್ಕಿಂತ ನನಗೆ ಬೇರೆ ಭಯ. ನಾಳೆ ಆ ಪಂಪಿನ ವೈಂಡಿಂಗ್ ಆರು ತಿಂಗಳಲ್ಲಿ ಹೋಗಿ, ಕೊಂಡ ರೈತ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಿಮ್ಮ ಅಂಗಡಿ ಮುಂದೆಯೇ ಇಳಿಸುತ್ತಾನೆ. ಬೆಂಗಳೂರಿನಲ್ಲಿ ಕುಳಿತು ಫೋನ್ ವಿಮರ್ಶೆ ಮಾಡುವವನಿಗೆ ಈ ಅಪಾಯವಿಲ್ಲ. ನಿಮಗಿದೆ. ಕಂಪನಿಗೆ ಹೀಗೆ ಬರೆಯಿರಿ: ಬಿಚ್ಚಿ ತೋರಿಸುತ್ತೇನೆ, ತಾಮ್ರ ಎಷ್ಟಿದೆ ತೂಗುತ್ತೇನೆ, ಕಂಡದ್ದು ಹೇಳುತ್ತೇನೆ. ಒಪ್ಪಿದರೆ ಸರಿ. ಒಪ್ಪದಿದ್ದರೆ ಆ ಪಂಪಿನ ಬಗ್ಗೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ತೆರಿಗೆಯ ಉಳಿದ ಭಾಗ ಚಿಕ್ಕದು. ಯೂಟ್ಯೂಬ್ ಹಣ ನಿಮ್ಮ ವ್ಯವಹಾರದ ಆದಾಯ, ಅಂಗಡಿಯ ಆದಾಯದೊಂದಿಗೆ ಸೇರಿಸಿ ತೋರಿಸಬೇಕು. ಮೊಬೈಲ್, ಮೈಕು, ದೀಪದ ಬಿಲ್ಲುಗಳನ್ನು ಇಟ್ಟುಕೊಳ್ಳಿ, ಖರ್ಚಿಗೆ ಹಾಕಬಹುದು. ಯೂಟ್ಯೂಬ್ ಹಣ ಬರುವ ಗೂಗಲ್ ಖಾತೆಯಾದ ಆಡ್‌ಸೆನ್ಸ್‌ನಲ್ಲಿ ಅಮೆರಿಕದ ತೆರಿಗೆ ನಮೂನೆ ತುಂಬಿದ್ದೀರಾ ನೋಡಿ. ತುಂಬಿದ್ದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗದ ಮೇಲೆ ಮಾತ್ರ ಶೇ 15 ಹಿಡಿಯುತ್ತಾರೆ, ನಿಮ್ಮ ಮಟ್ಟಿಗೆ ಅದು ಪೈಸೆಗಳ ಮಾತು. ತುಂಬದಿದ್ದರೆ ಒಟ್ಟು ಆದಾಯದ ಮೇಲೆಯೇ ಶೇ 24ರವರೆಗೆ ಹಿಡಿಯಬಹುದು. ಐದು ನಿಮಿಷದ ಕೆಲಸ, ಜನ ಇಂಗ್ಲಿಷ್ ನೋಡಿ ಹೆದರಿ ಬಿಟ್ಟಿರುತ್ತಾರೆ. ಜಿಎಸ್‌ಟಿಗೆ ಅಂಗಡಿ ಮತ್ತು ಚಾನೆಲ್ ಎರಡರ ವಹಿವಾಟೂ ಒಂದೇ ಪ್ಯಾನ್ ಅಡಿ ಕೂಡುತ್ತದೆ. ಅಂಗಡಿ ಈಗಾಗಲೇ ನೋಂದಣಿಯಾಗಿದ್ದರೆ ಈ ಡಾಲರನ್ನು ಸೇವೆಯ ರಫ್ತು ಎಂದು ತೋರಿಸಲು ನಿಮ್ಮ ಲೆಕ್ಕದವರಿಗೆ ತಿಳಿಸಿ. ಮಗನಿಗೆ ಹದಿನೆಂಟು ತುಂಬಿಲ್ಲವಾದ್ದರಿಂದ ಆಡ್‌ಸೆನ್ಸ್ ನಿಮ್ಮ ಹೆಸರಿನಲ್ಲಿರುವುದೇ ಸರಿ.

ಈಗ ಆ ‘ಅಂದಹಾಗೆ’. ತಿಂಗಳಿಗೆ ಐದಾರು ಮೋಟಾರ್, ಒಂದಕ್ಕೆ ಸಾವಿರದಿಂದ ಸಾವಿರದೈನೂರು. ಕಡಿಮೆಯೆಂದರೆ 5,000, ಹೆಚ್ಚೆಂದರೆ 9,000. ಜಾಹೀರಾತಿನಿಂದ ನಿಮಗೆ ಬರುವುದು ಸುಮಾರು ನಾಲ್ಕರಿಂದ ಐದು ಸಾವಿರ. ಅಂದರೆ ನಿಮ್ಮ ಚಾನೆಲ್ ಈಗಾಗಲೇ ಯೂಟ್ಯೂಬ್ ಕೊಡುವುದಕ್ಕಿಂತ ಹೆಚ್ಚು ದುಡಿಯುತ್ತಿದೆ. ಆ ದುಡಿಮೆ ಸ್ಟುಡಿಯೊದ ಪರದೆಯಲ್ಲಿ ಕಾಣುವುದಿಲ್ಲ, ಅಷ್ಟೇ. ಮುಚ್ಚೋಣ ಎಂದು ಮಗ ಹೇಳುತ್ತಿರುವುದು ಅದೇ ಅಂಗಡಿಯನ್ನು. ಅಂಗಡಿ ಮುಚ್ಚಿದ ಮೇಲೆ ಚಿತ್ರೀಕರಿಸಲು ಸುಟ್ಟ ಮೋಟಾರ್ ಎಲ್ಲಿಂದ ಬರುತ್ತದೆ ಎಂದು ಅವನನ್ನು ಕೇಳಿ.

ನಿಮ್ಮ ಒಂದು ವಿಡಿಯೊದಲ್ಲೂ ಅಂಗಡಿ ಎಲ್ಲಿದೆ, ಯಾವ ದಿನ ರಜೆ, ಸುತ್ತಿ ಕೊಡಲು ಎಷ್ಟು ದಿನ ಬೇಕು ಎಂಬುದಿಲ್ಲ. ಬ್ಯಾಡಗಿಯವರು ಹೇಗೆ ಹುಡುಕಿಕೊಂಡು ಬಂದರೋ ನನಗೆ ಆಶ್ಚರ್ಯ. ಪ್ರತಿ ವಿಡಿಯೊದ ವಿವರಣೆಯ ಮೊದಲ ಸಾಲಿನಲ್ಲೇ ಅಂಗಡಿಯ ಫೋನ್ ಬರಲಿ. ಮನೆಯ ನಂಬರ್ ಬೇಡ, ರಾತ್ರಿ ಎರಡಕ್ಕೂ ಕರೆ ಬರುತ್ತದೆ. ಕೆಪಾಸಿಟರ್, ಮೀಟರ್, ಪ್ರಿವೆಂಟರ್ (ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಸಾಧನ) ತರಹದ ಸಾಮಾನು ತೋರಿಸುವಾಗ ಕಮಿಷನ್ ಲಿಂಕ್ ಹಾಕಬಹುದು, ಅದರ ಮೂಲಕ ಯಾರಾದರೂ ಕೊಂಡರೆ ನಿಮಗೊಂದು ಪಾಲು. ಯೂಟ್ಯೂಬ್ 2024ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಭಾರತದಲ್ಲಿ ಅಂಥ ವ್ಯವಸ್ಥೆ ಆರಂಭಿಸಿದೆ. ದೊಡ್ಡ ಮೊತ್ತ ನಿರೀಕ್ಷಿಸಬೇಡಿ. ನಿಮ್ಮ ಗಿರಾಕಿ ಸ್ಟಾರ್ಟರನ್ನು ಆನ್‌ಲೈನಿನಲ್ಲಿ ಕೊಳ್ಳುವವನಲ್ಲ, ಪೇಟೆಯಲ್ಲಿ ಉದ್ದರಿ ಕೊಡುವ ಅಂಗಡಿಯಲ್ಲಿ ಕೊಳ್ಳುವವನು. ವೀಕ್ಷಕರು ತಿಂಗಳ ಹಣ ಕಟ್ಟಿ ಸೇರುವ ಸದಸ್ಯತ್ವದ ಯೋಜನೆಯಲ್ಲಿ ಶೇ 70 ನಿಮಗೆ ಬರುತ್ತದೆ; ವೈಂಡಿಂಗ್ ಕಲಿಯಲು ಬಯಸುವ ಹುಡುಗರಿಗೆ ತಂತಿಯ ಗೇಜು, ಸುತ್ತಿನ ಎಣಿಕೆಯ ಪಾಠಗಳನ್ನು ಮಾಡಿದರೆ ಅಲ್ಲಿ ಏನಾದರೂ ಆಗಬಹುದು. ಐಟಿಐ ಹುಡುಗರು ನಿಮ್ಮ ವಿಡಿಯೊದ ಕೆಳಗೆ ಕೇಳುತ್ತಿರುವ ಪ್ರಶ್ನೆಗಳು ಅವೇ.

ಮಗನ ವಿಷಯದಲ್ಲಿ ಅಪ್ಪ-ಮಗನ ನಡುವೆ ಬರುವ ಇಷ್ಟ ನನಗಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರ ಹಿಂದಿನ ದಿನದವರೆಗೆ ಅದರಲ್ಲೇ ಬದುಕು ಕಟ್ಟಿಕೊಂಡಿದ್ದ ಕೆಲವರು ನನ್ನ ಬಳಿ ಬಂದಿದ್ದರು. ಲಕ್ಷಗಟ್ಟಲೆ ಹಿಂಬಾಲಕರಿದ್ದರು, ಅವರಲ್ಲಿ ಒಬ್ಬರ ಫೋನ್ ನಂಬರೂ ಇವರ ಬಳಿ ಇರಲಿಲ್ಲ. ನಿಷೇಧವೇ ಆಗಬೇಕೆಂದಿಲ್ಲ. ಆರು ತಿಂಗಳು ಏನೂ ಹಾಕದಿದ್ದರೆ ಆದಾಯದ ಅರ್ಹತೆಯನ್ನು ಹಿಂಪಡೆಯುವ ಅಧಿಕಾರ ಯೂಟ್ಯೂಬ್‌ಗೆ ಇದೆ. ತೊಂಬತ್ತು ದಿನದಲ್ಲಿ ಮೂರು ಹಕ್ಕುಸ್ವಾಮ್ಯದ ಎಚ್ಚರಿಕೆ ಬಿದ್ದರೆ ಚಾನೆಲ್ ಹೋಗುತ್ತದೆ. ಹುಡುಗ ಓದುತ್ತಿರುವುದು ಎಲೆಕ್ಟ್ರಿಕಲ್. ಅದು ಈ ಚಾನೆಲ್‌ಗೆ ಅಡ್ಡಿಯಲ್ಲ, ಬಂಡವಾಳ. ಡಿಪ್ಲೊಮಾ ಮುಗಿಸುವ ಹೊತ್ತಿಗೆ ಕ್ಯಾಮೆರಾ ಹಿಂದೆ ನಿಲ್ಲುವ ಬದಲು ಮುಂದೆ ಬಂದು, ಸಿಂಗಲ್ ಫೇಸಿಂಗ್ ಆದಾಗ, ಅಂದರೆ ಒಂದು ಫೇಸ್ ಹೋದಾಗ, ಮೋಟಾರಿನೊಳಗೆ ಏನಾಗುತ್ತದೆ ಎಂದು ಚಿತ್ರ ಬರೆದು ಹೇಳುತ್ತಾನೆ. ಅಲ್ಲಿಯವರೆಗೆ ಅವನ ಶ್ರಮಕ್ಕೆ ಒಂದು ಲೆಕ್ಕವಿರಲಿ. ಡಾಲರ್ ಹಣದಲ್ಲಿ ಮೂರನೇ ಒಂದು ಭಾಗ ಅವನ ಖಾತೆಗೆ ಹಾಕಿ. ಬೇಸರದ ಅರ್ಧ ಭಾಗ ಅಲ್ಲೇ ಇಳಿಯುತ್ತದೆ ಎಂದು ನನ್ನ ಊಹೆ.

ಒಂದು ಕೆಲಸ ಇವತ್ತೇ ಆರಂಭಿಸಿ. ಮೋಟಾರ್ ತಂದವರನ್ನೆಲ್ಲ ‘ಹೇಗೆ ಗೊತ್ತಾಯಿತು, ಯಾವ ವಿಡಿಯೊ ನೋಡಿದಿರಿ’ ಎಂದು ಕೇಳಿ, ಊರಿನ ಹೆಸರಿನೊಂದಿಗೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಮೂರು ತಿಂಗಳಾದ ಮೇಲೆ ಆ ಹಾಳೆಗಳ ಫೋಟೊ ತೆಗೆದು ನನಗೆ ಕಳುಹಿಸಿ. ಮುಂದಿನ ವಿಡಿಯೊ ಯಾವುದರ ಮೇಲೆ ಮಾಡಬೇಕು ಎಂಬುದನ್ನು ಅದನ್ನು ನೋಡಿಯೇ ಮಾತಾಡೋಣ.